ವಂಶಾವಳಿಯೂ ಮನೆಯ ಕಥೆಯೂ

ಮನೆತನದ ನೆನಪು ಎಂಬ ಒಂದು ಮಾತಿನೊಳಗೆ ಎರಡು ಬೇರೆ ವಸ್ತುಗಳು ಅಡಗಿವೆ. ಮೊದಲನೆಯದು ವಂಶಾವಳಿ, ಇಂಥವನ ಮಗ ಇಂಥವನು ಎಂದು ಹೆಸರಿನ ಹಿಂದೆ ಹೆಸರನ್ನು ಪೋಣಿಸುತ್ತ ಹೋಗುವುದು. ಎರಡನೆಯದು ಮನೆಯ ಕಥೆ. ಆ ಹೆಸರಿನವರು ಹೇಗೆ ಬಾಳಿದರು, ಯಾವ ಊರು ಬಿಟ್ಟು ಯಾವ ಊರಿಗೆ ಏಕೆ ಬಂದರು, ಯಾರಿಗೂ ಯಾರಿಗೂ ಮಾತು ನಿಂತಿತು ಎಂಬುದನ್ನು ಊಟವಾದ ಮೇಲೆ, ಹಪ್ಪಳ ಒತ್ತುವಾಗ, ಬಾಣಂತಿಯ ಕೋಣೆಯ ಬಾಗಿಲಲ್ಲಿ ಕುಳಿತು ಹೇಳಿಕೊಳ್ಳುವುದು. ಇವೆರಡೂ ಒಂದಕ್ಕೊಂದು ಪೂರಕವೆಂದು ಸಾಮಾನ್ಯವಾದ ತಿಳಿವಳಿಕೆ. ವಸ್ತುತಃ ಇವು ಅನೇಕ ವೇಳೆ ಒಂದನ್ನೊಂದು ಸುಳ್ಳುಮಾಡುತ್ತವೆ. ತನ್ನ ಬಾಳಿನ ಮೂಲವನ್ನು ಮನೆತನದ ನೆನಪಿನಲ್ಲಿ ಹುಡುಕಿದ ಕನ್ನಡ ಬರೆಹಗಳಲ್ಲಿ ಕಾಲದ ಎದುರು ನಿಲ್ಲತಕ್ಕವು ಯಾವುವೆಂದು ನೋಡಿದರೆ, ಈ ಎರಡನ್ನೂ ಎದುರೆದುರಿಗಿಟ್ಟು ನಡುವಣ ಬಿರುಕನ್ನು ಕಣ್ಣಿಟ್ಟು ನೋಡಿದಂಥವೇ ಎಂದು ತೋರುತ್ತದೆ.

ವಂಶಾವಳಿಯನ್ನು ಕಾಯುವ ಏರ್ಪಾಡು ನಾಡಿನಲ್ಲಿ ಬಹಳ ಬಲವಾಗಿಯೇ ಇದ್ದಿತು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಎತ್ತಿನ ಮೇಲೆ ಕುಳಿತು ಮನೆಮನೆಗೆ ಬರುವ ಹೆಳವರ ವೃತ್ತಿಯೇ ಇದು. ಒಕ್ಕಲು ಮನೆತನಗಳ ಹಿಂದಿನ ತಲೆಮಾರುಗಳನ್ನೂ ಮೂಲಸ್ಥಳವನ್ನೂ ಬೆಡಗನ್ನೂ ಅವರು ಬಾಯಿಪಾಠವಾಗಿ ಹೇಳಿ, ಕಾಳನ್ನು ದಾನವಾಗಿ ಪಡೆಯುತ್ತಾರೆ. ಕಾಶಿ, ಗಯೆ, ತ್ರ್ಯಂಬಕಗಳ ತೀರ್ಥಪುರೋಹಿತರು ಇದನ್ನೇ ವಹಿಗಳಲ್ಲಿ ಬರೆದಿಡುತ್ತ ಬಂದರು. ಮುಂಬಯಿಯಿಂದ ತ್ರ್ಯಂಬಕಕ್ಕೆ ಹೋದ ಧಾರವಾಡದ ಕಡೆಯವನೊಬ್ಬನು ತನ್ನ ಮುತ್ತಜ್ಜನ ಹೆಸರನ್ನು ಅಪರಿಚಿತನ ಬಾಯಿಂದ ಕೇಳಿ ಬೆರಗಾಗುವುದುಂಟು. ಶ್ರಾದ್ಧ ಮಾಡುವ ಮನೆಗಳಲ್ಲಿ ತಂದೆ, ತಾತ, ಮುತ್ತಾತ ಎಂದು ಮೂರು ತಲೆಯ ಹೆಸರುಗಳು ವರ್ಷಕ್ಕೊಮ್ಮೆಯಾದರೂ ನಾಲಗೆಯ ಮೇಲೆ ಬರುತ್ತವೆ. ನಾಲ್ಕನೆಯವನು ಪಟ್ಟಿಯಿಂದ ಜಾರಿಹೋಗುತ್ತಾನೆ. ಇಷ್ಟೇಕೆ, ಹಳೆಯ ಮೈಸೂರಿನವರ ಹೆಸರಿನ ಮೊದಲಕ್ಷರಗಳೇ ಒಂದು ಕಿರಿಯ ವಂಶಚರಿತ್ರೆ. ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ, ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬಲ್ಲಿ ಊರು, ತಂದೆ, ತಾನು ಮೂವರೂ ಒಂದೇ ಸಾಲಿನಲ್ಲಿ ನಿಂತಿದ್ದಾರೆ. ವಾಯವ್ಯದ ಜಿಲ್ಲೆಗಳಲ್ಲಿ ಕ್ರಮ ತಿರುಗುಮುರುಗಾಗಿ ಅಡ್ಡಹೆಸರು ಕೊನೆಗೆ ಬರುತ್ತದೆ. ದೆಹಲಿಯ ಕಚೇರಿಗಳಲ್ಲಿ ಊರಿನ ಹೆಸರನ್ನೇ ಮನುಷ್ಯನ ಹೆಸರೆಂದು ತಿಳಿದು ಕೂಗಿದಾಗ ಆಗುವ ಮುಜುಗರವನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ.

ಈ ಎಲ್ಲ ಏರ್ಪಾಡುಗಳಲ್ಲಿಯೂ ಒಂದು ಕೊರತೆ ಸಮಾನವಾಗಿದೆ. ಅದು ಹೆಂಗಸಿನದು. ಶ್ರಾದ್ಧದಲ್ಲಿ ತಾಯಿ, ಅಜ್ಜಿ, ಮುತ್ತಜ್ಜಿಯರ ಹೆಸರು ಬರುತ್ತದೆ, ನಿಜ. ಆದರೆ ಮದುವೆಯ ದಿನ ಅಕ್ಕಿಯ ಮೇಲೆ ಹೊಸ ಹೆಸರು ಬರೆಯುವ ಪದ್ಧತಿಯುಳ್ಳ ಮನೆತನಗಳಲ್ಲಿ ಅಲ್ಲಿ ಬರುವ ಹೆಸರು ಅತ್ತೆಯ ಮನೆ ಇಟ್ಟದ್ದು. ತವರಿನಲ್ಲಿ ಕೂಗುತ್ತಿದ್ದ ಹೆಸರು ಆಕೆಯ ಒಡಹುಟ್ಟಿದವರೊಡನೆಯೇ ಮುಗಿದುಹೋಗುತ್ತದೆ. ಮಹಾರಾಷ್ಟ್ರದಲ್ಲಿ ಕುಲವೃತ್ತಾಂತಗಳೆಂಬ ದಪ್ಪ ಗ್ರಂಥಗಳನ್ನು ಮನೆತನಗಳು ಅಚ್ಚುಹಾಕಿಸುವ ರೂಢಿ ಬೆಳೆಯಿತು. ಪುಣೆ ಮುಂಬಯಿಗಳಲ್ಲಿ ನೆಲೆಸಿದ ಕನ್ನಡಿಗರಲ್ಲಿ ಅನೇಕರು ಅವುಗಳನ್ನು ಕಂಡೇ ಇದ್ದಾರೆ. ಅವುಗಳ ಶ್ರಮ ಸಣ್ಣದಲ್ಲ. ಸಂಶೋಧಕರಿಗೆ ಅವುಗಳಿಂದ ಉಪಕಾರವೂ ಉಂಟು. ಆದರೂ ಅಂಥ ಗ್ರಂಥದ ನೂರು ಪುಟ ಓದಿದರೂ ಒಬ್ಬ ಮನುಷ್ಯನ ಪರಿಚಯವಾಗುವುದಿಲ್ಲ. ಯಾರು ಯಾರಿಗೆ ಹುಟ್ಟಿದರು, ಏನು ಓದಿದರು, ಯಾವ ನೌಕರಿಯಿಂದ ನಿವೃತ್ತರಾದರು ಎಂಬುದು ಅಲ್ಲಿದೆ. ಅವರು ಏನನ್ನು ಮುಚ್ಚಿಟ್ಟರು ಎಂಬುದು ಇಲ್ಲ. ಮನೆಯ ಕಥೆ ಪ್ರಾರಂಭವಾಗುವುದು ಅಲ್ಲಿಂದ.

ಮುಚ್ಚಿಟ್ಟ ಕಥೆಯ ಗತಿಯೇನೆಂಬುದನ್ನು ಕುರಿತು ಕನ್ನಡದಲ್ಲಿ ಒಂದು ಜನಪದ ಕಥೆಯಿದೆ. ಅದು ಎ. ಕೆ. ರಾಮಾನುಜನ್ ಅವರ ಸಂಗ್ರಹದ ಮೂಲಕ ಹೊರಜಗತ್ತಿಗೂ ತಿಳಿಯಿತು. 1929ರಲ್ಲಿ ಮೈಸೂರಿನಲ್ಲಿ ಹುಟ್ಟಿ 1993ರಲ್ಲಿ ಶಿಕಾಗೋದಲ್ಲಿ ತೀರಿಕೊಂಡ ರಾಮಾನುಜನ್ನರು ಬೆಳಗಾವಿಯಲ್ಲಿ ಅಧ್ಯಾಪಕರಾಗಿದ್ದವರು. 1950ರ ದಶಕದಿಂದಲೇ ಇಂಥ ಕಥೆಗಳನ್ನು ಕೂಡಿಸಿದವರು. ಒಬ್ಬ ಗೃಹಿಣಿಗೆ ಒಂದು ಕಥೆಯೂ ಒಂದು ಹಾಡೂ ಗೊತ್ತಿದ್ದುವು. ಆಕೆ ಅವನ್ನು ಯಾರಿಗೂ ಹೇಳಲಿಲ್ಲ. ಒಳಗೆ ಉಸಿರುಕಟ್ಟಿದ ಕಥೆ ಮತ್ತು ಹಾಡು ಒಂದು ದಿನ ಆಕೆ ಮಲಗಿದ್ದಾಗ ಹೊರಬಿದ್ದು, ಕಥೆ ಒಂದು ಜೊತೆ ಜೋಡಾಗಿಯೂ ಹಾಡು ಗಂಡಸಿನ ಅಂಗಿಯಾಗಿಯೂ ಬಾಗಿಲಲ್ಲಿ ಕುಳಿತುವು. ಮನೆಗೆ ಬಂದ ಗಂಡ ಯಾರು ಬಂದಿದ್ದಾರೆಂದು ಕೇಳಿದ, ಯಾರೂ ಇಲ್ಲವೆಂದಳು, ಸಂಶಯ ಹುಟ್ಟಿತು, ಜಗಳವಾಯಿತು. ಸಿಟ್ಟಾಗಿ ಹನುಮಂತನ ಗುಡಿಯಲ್ಲಿ ಮಲಗಲು ಹೋದ ಆ ಗಂಡನಿಗೆ, ರಾತ್ರಿ ಮನೆಗಳ ದೀಪಗಳನ್ನು ಆರಿಸಿದ ಮೇಲೆ ಅಲ್ಲಿ ಕೂಡಿ ಹರಟೆ ಹೊಡೆಯುವ ಜ್ವಾಲೆಗಳ ಮಾತು ಕೇಳಿಸಿ ನಿಜ ತಿಳಿಯಿತು.

ಈ ಕಥೆಯಲ್ಲಿ ಗಮನಿಸತಕ್ಕ ಅಂಶವೆಂದರೆ, ಹೇಳದ ಕಥೆ ಇಲ್ಲವಾಗುವುದಿಲ್ಲ, ರೂಪ ಬದಲಿಸುತ್ತದೆ. ಬದಲಿಸಿದ ರೂಪದಲ್ಲಿ ಮನೆಯವರಿಗೇ ಅದರ ಗುರುತು ಹತ್ತುವುದಿಲ್ಲ. ಗಿರೀಶ ಕಾರ್ನಾಡರು 1988ರಲ್ಲಿ ‘ನಾಗಮಂಡಲ’ವನ್ನು ಬರೆದಾಗ ರಾಮಾನುಜನ್ನರಿಂದ ಕೇಳಿದ ಈ ಕಥೆಯನ್ನೇ ನಾಟಕದ ಹೊರಚೌಕಟ್ಟಾಗಿ ಬಳಸಿದರು. ಪಾಳುಗುಡಿ ಇದೆ, ಜ್ವಾಲೆಗಳು ಇವೆ. ಆದರೆ ಜೋಡು ಅಂಗಿಗಳು ಇಲ್ಲ. ಕಥೆ ಒಬ್ಬ ಹೆಣ್ಣಾಗಿ, ಹಾಡು ಆಕೆಯ ಸೀರೆಯಾಗಿ ಬರುತ್ತದೆ. ಗಂಡನ ಸಂಶಯ ಚೌಕಟ್ಟಿನಿಂದ ಮಾಯವಾಯಿತೆಂದು ಮೇಲ್ನೋಟಕ್ಕೆ ಅನ್ನಿಸಬಹುದು. ಅದು ಮಾಯವಾಗಿಲ್ಲ, ಒಳಗಿನ ಕಥೆಗೆ ಇಳಿದಿದೆ. ಅಪ್ಪಣ್ಣನು ರಾಣಿಯನ್ನು ಶಂಕಿಸುತ್ತಾನೆ, ಆಕೆ ಹಾವನ್ನು ಹಿಡಿದು ಪ್ರಮಾಣ ಮಾಡಬೇಕಾಗುತ್ತದೆ. ಮಗು ಯಾರದು ಎಂಬ ಪ್ರಶ್ನೆ, ಅಂದರೆ ವಂಶಾವಳಿಯ ಪ್ರಶ್ನೆ, ಹೆಂಗಸಿನ ಕಥೆಯ ಹೊಕ್ಕುಳಲ್ಲಿ ಕುಳಿತಿದೆ. ಇದು ಕೇವಲ ರಂಗಭೂಮಿಯ ಚಾತುರ್ಯವೆಂದು ಮೊದಲ ಪ್ರೇಕ್ಷಕರು ಭಾವಿಸಿದ್ದರೆ ಅವರ ತಪ್ಪಿಲ್ಲ. ಇದರ ಹಿಂದೆ ಇನ್ನೂ ಒಂದು ಮನೆಯ ಕಥೆಯಿದ್ದಿತೆಂಬುದು 2011ರಲ್ಲಿ ‘ಆಡಾಡತ ಆಯುಷ್ಯ’ ಪ್ರಕಟವಾದಾಗ ಎಲ್ಲರಿಗೂ ತಿಳಿಯಿತು.

ಧಾರವಾಡದ ಮನೋಹರ ಗ್ರಂಥಮಾಲೆ ಪ್ರಕಟಿಸಿದ ಈ ಆತ್ಮಕಥೆ ತನ್ನ ಹೆಸರನ್ನು ಬೇಂದ್ರೆಯವರಿಂದ ಪಡೆದಿದೆ. ಆದರೆ ಅದರ ಬಾಗಿಲಲ್ಲಿ ನಿಂತಿರುವವರು ಕವಿಯಲ್ಲ, ತಾಯಿ. 1973ರಲ್ಲಿ ಧಾರವಾಡದ ಮನೆಯಲ್ಲಿ ಎಲ್ಲರೂ ಊಟಕ್ಕೆ ಕುಳಿತಿದ್ದಾಗ, ಆ ಹೊತ್ತಿಗೆ ಕೀರ್ತಿವಂತನಾಗಿದ್ದ ಮಗನನ್ನು ನೋಡಿ ತಾಯಿ ಒಂದು ಹಳೆಯ ಮಾತನ್ನು ಸಹಜವಾಗಿ ಹೊರಗೆಡವುತ್ತಾರೆ: ಇವನು ಬೇಡವೆಂದು ನಿರ್ಧರಿಸಿ ಗಂಡಹೆಂಡಿರು ಪುಣೆಯ ಒಬ್ಬ ವೈದ್ಯೆಯ ಬಳಿಗೆ ಹೋಗಿದ್ದರು, ವೈದ್ಯೆ ಬರಲಿಲ್ಲ, ಕಾದು ಕಾದು ಹಿಂದಿರುಗಿದರು, ಮತ್ತೆ ಹೋಗಲಿಲ್ಲ. ಮೂವತ್ತೈದು ವರ್ಷದ ಮಗನಿಗೆ ತನ್ನ ಇರವೇ ಒಬ್ಬರ ಗೈರುಹಾಜರಿಯ ಫಲವೆಂದು ಅನ್ನದ ತಟ್ಟೆಯ ಮುಂದೆ ತಿಳಿಯುತ್ತದೆ. ಪುಸ್ತಕವನ್ನು ಅವರು ಅರ್ಪಿಸಿರುವುದು ಆ ವೈದ್ಯೆಗೆ. ಕನ್ನಡದ ಅರ್ಪಣೆಗಳಲ್ಲಿ ಇದಕ್ಕಿಂತ ವಿಚಿತ್ರವಾದುದೂ ಇದಕ್ಕಿಂತ ಸತ್ಯವಾದುದೂ ಹುಡುಕಿದರೆ ಸಿಕ್ಕುವುದು ಕಷ್ಟ.

ಅದಕ್ಕಿಂತ ಮುಖ್ಯವಾದುದು ತಾಯಿಯ ಪೂರ್ವವೃತ್ತ. ಕೃಷ್ಣಾಬಾಯಿಯವರು ಎಳೆಯ ವಯಸ್ಸಿಗೇ ವಿಧವೆಯಾಗಿ, ಕೈಯಲ್ಲಿ ಒಬ್ಬ ಮಗನನ್ನು ಇಟ್ಟುಕೊಂಡು, ಜೀವನೋಪಾಯಕ್ಕಾಗಿ ದಾದಿಯ ಕೆಲಸಕ್ಕೆ ನಿಂತವರು. ಮುಂಬಯಿ ಪ್ರಾಂತದ ವೈದ್ಯ ಇಲಾಖೆಯಲ್ಲಿದ್ದ ಡಾ. ರಘುನಾಥ ಕಾರ್ನಾಡರನ್ನು ಆಮೇಲೆ ಮದುವೆಯಾದರು. ವಿಧವೆಯ ಮರುಮದುವೆಯೆಂದರೆ ಮುಖ ತಿರುಗಿಸುವ ಕಾಲವದು. ವಂಶಾವಳಿಯ ಪಟ್ಟಿಯಲ್ಲಿ ಈ ಸಂಗತಿಗೆ ಎರಡು ಹೆಸರು, ಒಂದು ಗೆರೆ ಸಾಕು. ಮನೆಯ ಕಥೆಯಲ್ಲಾದರೋ ಅದಕ್ಕೆ ವರ್ಷಗಳ ಕಾಯುವಿಕೆಯೂ ಬಂಧುಗಳ ಮೌನವೂ ಇವೆ. ಮುಪ್ಪಿನಲ್ಲಿ ಆ ತಾಯಿ ಸ್ವತಃ ತನ್ನ ನೆನಪುಗಳನ್ನು ಬರೆದಿಟ್ಟರು. ಮಗನ ಪುಸ್ತಕದ ಮೊದಲ ಭಾಗಕ್ಕೆ ಜೀವ ಬಂದಿರುವುದು ಆ ಆಧಾರದಿಂದ. ಅಲ್ಲಿ ಲೇಖಕರು ತಾಯಿಯನ್ನು ದೇವತೆಯನ್ನಾಗಿ ಮಾಡಲಿಲ್ಲ, ದೀನಳನ್ನಾಗಿಯೂ ಮಾಡಲಿಲ್ಲ. ತನ್ನ ಹಿತ ಯಾವುದರಲ್ಲಿದೆಯೆಂದು ಬಲ್ಲ, ಅದನ್ನು ಪಡೆಯಲು ಕಾಯಬಲ್ಲ ಹೆಂಗಸೊಬ್ಬಳನ್ನು ಕಾಣಿಸಿದರು. ಪುಸ್ತಕದ ಉತ್ತರಾರ್ಧ ಇದಕ್ಕೆ ಸಮವಾಗಿಲ್ಲವೆಂಬುದನ್ನೂ ಹೇಳಬೇಕು. ಸಂಸ್ಥೆಗಳು, ಚಿತ್ರಗಳು, ಭೇಟಿಗಳು ಒಂದರ ಹಿಂದೊಂದು ಬರುತ್ತವೆ, ರಂಜನೆಯಿದೆ, ಆದರೆ ಅಲ್ಲಿ ಕಾರ್ನಾಡರು ತಮಗೆ ತಿಳಿದುದನ್ನು ಹೇಳುತ್ತಿದ್ದಾರೆ, ಮೊದಲ ಭಾಗದಲ್ಲಿ ತಿಳಿಯದುದನ್ನು ಹುಡುಕುತ್ತಿದ್ದರು.

ಇಲ್ಲಿ ಒಂದು ಯೋಗಾಯೋಗವನ್ನು ಪರಿಶೀಲಿಸದೆ ಮುಂದಕ್ಕೆ ಹೋಗಲಾಗದು. ಅದೇ ಕಾರ್ನಾಡರು ಬಿ. ವಿ. ಕಾರಂತರೊಡನೆ ಕೂಡಿ 1971ರಲ್ಲಿ ಎಸ್. ಎಲ್. ಭೈರಪ್ಪನವರ ‘ವಂಶವೃಕ್ಷ’ವನ್ನು ಚಲನಚಿತ್ರವಾಗಿ ನಿರ್ದೇಶಿಸಿದರು, ನಿರ್ದೇಶನಕ್ಕಾಗಿ ರಾಷ್ಟ್ರಪ್ರಶಸ್ತಿಯನ್ನೂ ಪಡೆದರು. 1965ರ ಈ ಕಾದಂಬರಿಯ ವಸ್ತು ಓದುಗರಿಗೆ ಪರಿಚಿತವೇ. ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಗಳ ಮಗ ಕಪಿಲೆಯಲ್ಲಿ ಮುಳುಗಿ ಸಾಯುತ್ತಾನೆ. ವಿಧವೆಯಾದ ಸೊಸೆ ಕಾತ್ಯಾಯನಿ ಮೈಸೂರಿನ ಕಾಲೇಜಿಗೆ ಸೇರಿ, ಅಧ್ಯಾಪಕ ರಾಜನನ್ನು ಪ್ರೀತಿಸಿ, ಮಗನನ್ನು ಮಾವನ ಮನೆಯಲ್ಲೇ ಬಿಟ್ಟು ಮರುಮದುವೆಯಾಗುತ್ತಾಳೆ. ಆ ಮದುವೆಯಲ್ಲಿ ಆಕೆಯ ಗರ್ಭ ನಿಲ್ಲುವುದಿಲ್ಲ. ತೊರೆದ ಮಗನ ಕೊರಗಿನಲ್ಲಿ ಆಕೆ ಸವೆದು ಸಾಯುತ್ತಾಳೆ. ಇತ್ತ ವಂಶಧರ್ಮವೇ ಮೂರ್ತಿವೆತ್ತಂತಿದ್ದ ಶ್ರೋತ್ರಿಗಳಿಗೆ, ತಾವು ಯಾವ ವಂಶವೆಂದು ತಿಳಿದು ಬಾಳಿದರೋ ಆ ವಂಶದ ರಕ್ತ ತಮ್ಮದಲ್ಲವೆಂಬ ಸತ್ಯ ಇಳಿವಯಸ್ಸಿನಲ್ಲಿ ತಿಳಿಯುತ್ತದೆ.

ವಂಶಾವಳಿಯನ್ನು ಇಷ್ಟು ಧೈರ್ಯವಾಗಿ ಒಡೆದುನೋಡಿದ ಕಾದಂಬರಿ ಅದಕ್ಕೆ ಮೊದಲು ಕನ್ನಡದಲ್ಲಿ ಬಂದಿರಲಿಲ್ಲವೆಂದರೆ ಅತ್ಯುಕ್ತಿಯಾಗಲಾರದು. ಹಾಗಿದ್ದರೂ ಒಂದು ಆಕ್ಷೇಪ ಉಳಿಯುತ್ತದೆ. ಮರ ಹುಸಿಯೆಂದು ತಿಳಿದ ಮೇಲೆ ಅದರ ಹೆಸರಿನಲ್ಲಿ ವಿಧಿಸಿದ ಶಿಕ್ಷೆಯೂ ಹುಸಿಯಾಗಬೇಕಷ್ಟೆ. ಶ್ರೋತ್ರಿಗಳಿಗೆ ಆ ಅರಿವಿನಿಂದ ಬಿಡುಗಡೆಯ ದಾರಿ ತೆರೆಯುತ್ತದೆ, ಅವರು ಸಂನ್ಯಾಸಕ್ಕೆ ಹೊರಡುತ್ತಾರೆ. ಕಾತ್ಯಾಯನಿಗೆ ಅದರಿಂದ ಏನೂ ದೊರೆಯುವುದಿಲ್ಲ. ಗಂಡಸಿನ ಹುಸಿ ವಂಶ ತತ್ತ್ವಜ್ಞಾನಕ್ಕೆ ದಾರಿಯಾಗುತ್ತದೆ, ಹೆಂಗಸಿನ ನಿಜವಾದ ಪ್ರೀತಿ ಗರ್ಭಸ್ರಾವಕ್ಕೆ. ಕಾದಂಬರಿಕಾರರು ಇದನ್ನು ಸಮಾಜದ ಕ್ರೌರ್ಯವೆಂದು ತೋರಿಸಿದರೋ, ಪ್ರಕೃತಿಯ ನ್ಯಾಯವೆಂದು ಒಪ್ಪಿದರೋ ಎಂಬುದು ಕೃತಿಯೊಳಗೆ ಇತ್ಯರ್ಥವಾಗಿಲ್ಲ. ಈ ಸಂದಿಗ್ಧವನ್ನು ಕೃತಿಯ ಗುಣವೆಂದು ಹೇಳುವವರುಂಟು. ಆದರೆ ಪದೇ ಪದೇ ಗರ್ಭ ಕಳೆಯುವ ಕಾತ್ಯಾಯನಿಯ ದೇಹದ ಮೇಲೆ ಕಾದಂಬರಿ ಹೊರಿಸಿದ ಭಾರ ಸಂದಿಗ್ಧತೆಯ ಲಕ್ಷಣದಂತೆ ತೋರುವುದಿಲ್ಲ. ತೀರ್ಪಿನ ಲಕ್ಷಣದಂತೆ ತೋರುತ್ತದೆ.

ಚಿತ್ರದಲ್ಲಿ ರಾಜನ ಪಾತ್ರವನ್ನು ಅಭಿನಯಿಸಿದವರೂ ಕಾರ್ನಾಡರೇ. ವಿಧವೆಯನ್ನು ಮದುವೆಯಾದವನ ವೇಷ ತೊಟ್ಟು ನಿಂತ ಆ ನಟ ಅಂಥದೇ ಒಂದು ಮದುವೆಯಿಂದ ಹುಟ್ಟಿದವನು. ಕಾದಂಬರಿಯಲ್ಲಿ ಆ ದಾಂಪತ್ಯ ಬರಡಾಯಿತು; ಕಾರ್ನಾಡರ ಮನೆಯಲ್ಲಿ ನಾಲ್ಕು ಮಕ್ಕಳಾದುವು, ತಾಯಿ ದೀರ್ಘಕಾಲ ಬಾಳಿದರು, ಕೊನೆಗೆ ಲೇಖನಿ ಹಿಡಿದರು. ನಾಲ್ಕು ದಶಕಗಳ ಬಳಿಕ ಬಂದ ಆತ್ಮಕಥೆಯ ಮೊದಲ ಅಧ್ಯಾಯಗಳನ್ನು ‘ವಂಶವೃಕ್ಷ’ಕ್ಕೆ ಬರೆದ ಉತ್ತರವೆಂದು ಓದುವುದು ಲೇಖಕರ ಉದ್ದೇಶಕ್ಕೆ ಮೀರಿದ ಓದಾದೀತು. ಅವರು ಹಾಗೆ ಉದ್ದೇಶಿಸಿರಲಿ ಬಿಡಲಿ, ಎರಡನ್ನೂ ಒಟ್ಟಿಗೆ ಓದಿದವನಿಗೆ ಕಾತ್ಯಾಯನಿಯ ಸಾವು ಅನಿವಾರ್ಯವಾಗಿತ್ತೆಂಬ ನಂಬಿಕೆ ಸಡಿಲವಾಗದೆ ಇರದು.

ಭೈರಪ್ಪನವರಿಗೆ ಇದರಿಂದ ಅನ್ಯಾಯವಾಗಬಾರದು. ಸಂತೇಶಿವರ ಲಿಂಗಣ್ಣಯ್ಯ ಭೈರಪ್ಪ ಎಂಬ ಅವರ ಹೆಸರಿನಲ್ಲಿಯೂ ಊರು ಇದೆ, ತಂದೆಯಿದ್ದಾರೆ, ತಾಯಿಯಿಲ್ಲ. ಅವರ ಬರೆವಣಿಗೆಯಲ್ಲಿ ಅತ್ಯಂತ ಆಳವಾದ ಭಾಗವೋ ತಾಯಿಯದೇ. ಎಳೆಯ ವಯಸ್ಸಿನಲ್ಲಿ ಪ್ಲೇಗಿಗೆ ತಾಯಿಯನ್ನೂ ಒಡಹುಟ್ಟಿದವರನ್ನೂ ಕಳೆದುಕೊಂಡ ಹುಡುಗ ಬೆಳೆದು, 1970ರಲ್ಲಿ ‘ಗೃಹಭಂಗ’ವನ್ನು ಬರೆದನು. ತಿಪಟೂರು ಚನ್ನರಾಯಪಟ್ಟಣಗಳ ಸೀಮೆಯ ಶಾನುಭೋಗರ ಮನೆಯೊಂದರ ಕಥೆಯದು. ನಂಜಮ್ಮನ ಗಂಡ ಚೆನ್ನಿಗರಾಯನಿಗೆ ಶಾನುಭೋಗಿಕೆಯ ಹಕ್ಕಿದೆ, ಲೆಕ್ಕ ಬರೆಯುವ ಯೋಗ್ಯತೆಯಿಲ್ಲ. ಊರಿನ ಲೆಕ್ಕವನ್ನೆಲ್ಲ ಬರೆಯುವವಳು ನಂಜಮ್ಮ. ಪುಸ್ತಕ ಮಾತ್ರ ಗಂಡನ ಹೆಸರಿನದು. ಸರಕಾರದ ದಫ್ತರದಲ್ಲಿ ಆ ಲೆಕ್ಕಗಳನ್ನು ಯಾರಾದರೂ ಸಂಶೋಧಕನು ತೆರೆದರೆ ಅವನಿಗೆ ಚೆನ್ನಿಗರಾಯ ಕಾಣಿಸುತ್ತಾನೆ. ಅಕ್ಷರದ ಹಿಂದಿನ ಕೈ ಯಾರದೆಂದು ತಿಳಿಯಬೇಕಾದರೆ ಮನೆಯವರನ್ನು ಕೇಳಬೇಕು. ಮನೆತನದ ನೆನಪಿನ ಸ್ವರೂಪವನ್ನು ಹೇಳಲು ಇದಕ್ಕಿಂತ ಒಳ್ಳೆಯ ಪ್ರಸಂಗ ಕನ್ನಡದಲ್ಲಿಲ್ಲ.

1996ರಲ್ಲಿ ಬಂದ ‘ಭಿತ್ತಿ’ ಅವರ ಆತ್ಮಕಥೆ. ಅದನ್ನು ಓದುವಾಗ ‘ಗೃಹಭಂಗ’ದ ಲೋಕವನ್ನು ಎರಡನೆಯ ಸಲ ಪ್ರವೇಶಿಸಿದಂತಾಗುತ್ತದೆ. ಎರಡರಲ್ಲಿ ಯಾವುದು ಹೆಚ್ಚು ನಿಜ? ಆತ್ಮಕಥೆಯೆಂದು ಉತ್ತರಿಸುವುದು ಸುಲಭ, ಸರಿಯೆಂದು ಹೇಳಲಾಗದು. ಆತ್ಮಕಥೆ ಬರೆಯುವವನು ತಾನು ಕಂಡುದಕ್ಕೆ ಬದ್ಧ. ಕಂಡುದು ಒಬ್ಬ ಬಾಲಕನ ಕಣ್ಣಿಗೆ ಬಿದ್ದಷ್ಟು. ನಂಜಮ್ಮ ರಾತ್ರಿ ಎಚ್ಚರವಾಗಿ ಕುಳಿತು ಏನನ್ನು ಎಣಿಸಿದಳೆಂಬುದು ಮಲಗಿದ ಮಗನಿಗೆ ತಿಳಿಯುವುದಲ್ಲ. ಅದನ್ನು ಅಜ್ಜಿಯ ಮಾತು, ನೆರೆಯವರ ಮಾತು, ಊರಿನ ಅಪವಾದ ಇವುಗಳಿಂದ ಕಟ್ಟಬೇಕು. ಕಾದಂಬರಿ ಆ ಕೆಲಸವನ್ನು ಮಾಡಿದೆ. ಹೀಗಾಗಿ ತಾಯಿಯ ವಿಷಯದಲ್ಲಿ ಕಾದಂಬರಿಯೇ ಹೆಚ್ಚು ತಿಳಿದಿದೆ, ಮಗನ ವಿಷಯದಲ್ಲಿ ಆತ್ಮಕಥೆ. ಕುವೆಂಪು ಅವರ ‘ನೆನಪಿನ ದೋಣಿಯಲ್ಲಿ’ 1980ರಲ್ಲಿ ಬಂದಿತು. ಕುಪ್ಪಳಿಯ ಮನೆ ಅದಕ್ಕೆ ಬಹಳ ಹಿಂದೆಯೇ ಕಾದಂಬರಿಗಳ ಮಲೆನಾಡಿಗೆ ಹೋಗಿ ನೆಲೆಸಿದ್ದಿತು. ಅಲ್ಲಿಯೂ ಇದೇ ಮಾತು ತಕ್ಕಮಟ್ಟಿಗೆ ಅನ್ವಯಿಸುತ್ತದೆ.

ಇನ್ನು ಭಾಷೆಯ ಪ್ರಶ್ನೆ. ಹೊರನಾಡಿನ ಕನ್ನಡಿಗರಿಗೆ ಹೆಚ್ಚು ಹತ್ತಿರವಾದುದು ಇದೇ. ಮಾಸ್ತಿಯವರ ಮನೆಮಾತು ತಮಿಳು, ಬೇಂದ್ರೆಯವರದು ಮರಾಠಿ, ಕಾರ್ನಾಡರದು ಕೊಂಕಣಿ. ರಾಮಾನುಜನ್ನರ ಮನೆಯಲ್ಲಿ ಮಹಡಿಯ ಮೇಲೆ ತಂದೆಯೊಡನೆ ಇಂಗ್ಲಿಷು, ಕೆಳಗೆ ಅಡುಗೆಮನೆಯಲ್ಲಿ ತಮಿಳು, ಬೀದಿಗಿಳಿದರೆ ಕನ್ನಡ. ಅವರು 1978ರಲ್ಲಿ ಕನ್ನಡದಲ್ಲಿ ಬರೆದ ಕಿರುಕಾದಂಬರಿಗೆ ‘ಮತ್ತೊಬ್ಬನ ಆತ್ಮಚರಿತ್ರೆ’ ಎಂದು ಹೆಸರಿಟ್ಟುದು ಬರಿಯ ವಿನೋದವಿರಲಾರದು. ಮನೆಯ ಕಥೆಯನ್ನು ಮನೆಮಾತಿನಲ್ಲಿ ಕೇಳಿ ಬೇರೊಂದು ಮಾತಿನಲ್ಲಿ ಬರೆದಾಗ ಬರೆದವನು ತನಗೇ ಸ್ವಲ್ಪ ಪರಕೀಯನಾಗುತ್ತಾನೆ; ಆ ದೂರದಿಂದಲೇ ಬಿರುಕು ಕಾಣಿಸುತ್ತದೆ. ಈ ಲೇಖಕರೆಲ್ಲರೂ ತಾಯಿಯ ಮಾತನ್ನು ಕನ್ನಡಕ್ಕೆ ತಂದವರು. ಇಂದು ಮುಂಬಯಿ, ಪುಣೆ, ಹೈದರಾಬಾದು, ಚೆನ್ನೈ, ದೆಹಲಿಗಳ ಕನ್ನಡ ಮನೆಗಳಲ್ಲಿ ಹೊಳೆ ಹಿಮ್ಮುಖವಾಗಿ ಹರಿಯುತ್ತಿದೆ. ಅಲ್ಲಿ ಕನ್ನಡವೇ ಅಡುಗೆಮನೆಯ ಮಾತು. ಅಜ್ಜಿ ಕನ್ನಡದಲ್ಲಿ ಹೇಳಿದುದನ್ನು ಮೊಮ್ಮಗಳು ಬರೆಯುವುದಾದರೆ ಮರಾಠಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಬರೆಯುತ್ತಾಳೆ. ಟ್ರಂಕಿನ ತಳದಲ್ಲಿರುವ ಇನ್ಲೆಂಡ್ ಕಾಗದಗಳು ಆಕೆಗೆ ತನ್ನವು, ಲಿಪಿ ತನ್ನದಲ್ಲ.

ಇದನ್ನು ಕೇವಲ ನಷ್ಟವೆಂದು ಲೆಕ್ಕ ಹಾಕುವುದು ಮೇಲಿನ ಉದಾಹರಣೆಗಳಿಗೆ ಒಪ್ಪುವುದಿಲ್ಲ. ಹನೇಹಳ್ಳಿಯಲ್ಲಿ 1928ರಲ್ಲಿ ಹುಟ್ಟಿ ಮುಂಬಯಿಯಲ್ಲಿ ಬಾಳಿದ ಯಶವಂತ ಚಿತ್ತಾಲರು ಜೀವನದ ಉದ್ದಕ್ಕೂ ಆ ಹಳ್ಳಿಯನ್ನೇ ಬರೆದರು. ದೂರವಿಲ್ಲದಿದ್ದರೆ ಅಷ್ಟು ಬರೆಯುತ್ತಿದ್ದರೋ ಇಲ್ಲವೋ. 1979ರ ‘ಶಿಕಾರಿ’ಯಲ್ಲಿ ಕಂಪನಿಯ ವಿಚಾರಣೆಗೆ ಸಿಕ್ಕ ನಾಗಪ್ಪ ಮುಂಬಯಿಯ ನಡುವೆ ನಿಂತು ತನ್ನ ಹಿಂದನ್ನು ತಡಕಬೇಕಾಗುತ್ತದೆ. ನೀನು ಯಾರೆಂದು ಪರರು ಕೇಳಿದಾಗ ಉತ್ತರ ಮನೆಯ ನೆನಪಿನಲ್ಲಿ ಸಿಕ್ಕೀತೆಂಬ ಭರವಸೆಯೂ, ಸಿಕ್ಕಿದುದು ತನಗೇ ವಿರುದ್ಧವಾದೀತೆಂಬ ಭಯವೂ ಅಲ್ಲಿ ಒಟ್ಟಿಗೆ ಇವೆ. ಹೊರನಾಡಿನಲ್ಲಿ ಪಟ್ಟಿಯನ್ನು ಕಾಯುವ ಹೆಳವನಿಲ್ಲ, ಊರಿನ ಬಾಯಿಯೂ ಇಲ್ಲ. ಬಂಧುಗಳ ಕಣ್ಣು ದೂರವಾದುದರಿಂದ, ಊರಿನಲ್ಲಿ ಎಂದೂ ಆಡದ ಮಾತನ್ನು ಚಾಳಿನ ಎರಡು ಕೋಣೆಗಳಲ್ಲಿ ಆಡಿದ ಹೆಂಗಸರು ಬಹಳ ಮಂದಿ. ಆ ಮಾತುಗಳಲ್ಲಿ ಬರೆಹಕ್ಕೆ ಬಂದುದು ಅತ್ಯಲ್ಪ. ಸಂಘಗಳ ಸ್ಮರಣಸಂಚಿಕೆಗಳಲ್ಲಿ ಅಧ್ಯಕ್ಷರ, ಕಾರ್ಯದರ್ಶಿಗಳ ಪಟ್ಟಿಗಳಿವೆ. ನಾಟಕದ ರಾತ್ರಿ ನೂರು ಜನಕ್ಕೆ ಅವಲಕ್ಕಿ ಕಲಸಿದವರ ಹೆಸರು ಅಲ್ಲಿ ಸಿಕ್ಕುವುದಿಲ್ಲ. ಅವರು ಯಾವ ಊರಿನಿಂದ, ಯಾವ ಸಂದರ್ಭದಲ್ಲಿ ಹೊರಟು ಬಂದರೆಂಬುದಂತೂ ಮೊದಲೇ ಇಲ್ಲ.

ಕೇಳುವುದಕ್ಕೂ ಒಂದು ಹೊತ್ತು ಇದೆ. ಕೃಷ್ಣಾಬಾಯಿಯವರು ಅಂದು ಊಟದ ಹೊತ್ತಿನಲ್ಲಿ ಆ ಮಾತನ್ನೆತ್ತದೆ ಇದ್ದಿದ್ದರೆ, ಮುಪ್ಪಿನಲ್ಲಿ ಬರೆಯದೆ ಇದ್ದಿದ್ದರೆ, ಮಗನ ಬಳಿ ಉಳಿಯುತ್ತಿದ್ದುದು ರಘುನಾಥನ ಮಗ ಗಿರೀಶ ಎಂಬ ಪಟ್ಟಿ ಮಾತ್ರ. ಜನಪದ ಕಥೆಯ ಗೃಹಿಣಿಯ ಗಂಡನಿಗೂ ಜ್ವಾಲೆಗಳ ಮಾತಿನಿಂದ ಸಂಶಯ ನೀಗಿತು. ಬೆಳಗಾಗುತ್ತಲೆ ಅವನು ಮನೆಗೆ ಓಡಿಬಂದು, ನಿನಗೆ ಗೊತ್ತಿದ್ದ ಆ ಕಥೆ ಯಾವುದು, ಆ ಹಾಡು ಯಾವುದು ಎಂದು ಹೆಂಡತಿಯನ್ನು ಕೇಳಿದನು. ಅಷ್ಟುಹೊತ್ತಿಗೆ ಆಕೆ ಎರಡನ್ನೂ ಮರೆತುಬಿಟ್ಟಿದ್ದಳು. ಯಾವ ಕಥೆ, ಯಾವ ಹಾಡು, ಎಂದಳು.